ಗುಬ್ಬಿಗೆ ಕನ್ನಡಿ ತೋರಿಸಿದ ಕಥೆ

ಈ ವಸಂತದಲ್ಲಿ ನಮ್ಮ ಕೈತೋಟವನ್ನು ಪಕ್ಷಿಧಾಮ ಮಾಡಿಯೇ ತೀರುತ್ತೇನೆ ಎಂದು ನಾನು ಘೋಷಿಸಿದೆ! ಘೋಷಿಸಿದ್ದು ಅಡುಗೆಮನೆ ಬಾಗಿಲಲ್ಲಿ ನಿಂತು. ಕೇಳಿಸಿಕೊಂಡದ್ದು ಹೆಂಡತಿ ಮತ್ತು ಕುಕ್ಕರು. ಕುಕ್ಕರಾದರೂ ಒಂದು ಸಿಳ್ಳೆ ಹಾಕಿತು.

ಇದಕ್ಕೆಲ್ಲ ಕಾರಣ ನನ್ನ ಭಾವಮೈದ. ಕೊರಳಲ್ಲಿ ದುರ್ಬೀನು, ಜೇಬಲ್ಲಿ ನೋಟುಬುಕ್ಕು.

"ಒಂದು ಲೋಟ ಟೀ ಮುಗಿಯೋದ್ರೊಳಗೆ ನನ್ನ ತೋಟದಲ್ಲಿ ಹನ್ನೊಂದು ಜೀವಿ ಕಾಣಿಸ್ತವೆ ಭಾವ. ಭಾನುವಾರ ಬಂದು ನಿಮ್ಮದೂ ಎಣಿಸ್ತೀನಿ. ಸೋತವರು ಗೆದ್ದವರನ್ನ ಇಡೀ ಮನೆತನದ ಮುಂದೆ ಹೊಗಳಬೇಕು!"

ನನ್ನ ತೋಟದ ಜನಸಂಖ್ಯೆ ಹೇಳಿಬಿಡುತ್ತೇನೆ: ಗೇಟಿನ ಅಂಚೆಪೆಟ್ಟಿಗೆಯಲ್ಲಿ ಸಂಸಾರ ಹೂಡಿದ ಎರಡು ಗುಬ್ಬಿ, ಆಗಾಗ ಬರುವ ಒಂದು ಅಳಿಲು. ಅಷ್ಟೇ.

ಆದರೆ ನಾನು ಯಾರು? ಕನ್ನಡಿ ವ್ಯಾಪಾರಿ! ಹತ್ತಡಿ ಅಂಗಡಿಯಲ್ಲಿ ಎದುರುಬದುರು ಕನ್ನಡಿ ನಿಲ್ಲಿಸಿ ಅರಮನೆ ತೋರಿಸುವವನು. ಇಬ್ಬರು ಗಿರಾಕಿ ಬಂದರೆ ನನ್ನಲ್ಲಿ ನೂಕುನುಗ್ಗಲು ಕಾಣುತ್ತದೆ. ಅದೇ ವಿದ್ಯೆ! ಶುಕ್ರವಾರ ಬೆಳಿಗ್ಗೆ ಆಳೆತ್ತರದ ನಾಲ್ಕು ಕನ್ನಡಿ ತಂದು ಗಿಡಗಳ ನಡುವೆ ನಿಲ್ಲಿಸಿದೆ. ಎರಡು ಗುಬ್ಬಿ ಹತ್ತಾದವು. ಅಳಿಲಿಗೆ ಅಣ್ಣತಮ್ಮಂದಿರು ಹುಟ್ಟಿದರು.

ಟಕ್! ಟಕ್! ಟಕ್!

"ರೀ, ಯಾರೋ ಬಾಗಿಲು ಬಡೀತಿದಾರೆ ನೋಡಿ."

ಬಡಿಯುತ್ತಿದ್ದದ್ದು ಗಂಡು ಗುಬ್ಬಿ. ತನ್ನ ಅಂಗಡಿ ಎದುರೇ ಇನ್ನೊಬ್ಬ ಅಂಗಡಿ ತೆರೆದನೆಂದು ತಿಳಿದು ಕನ್ನಡಿಯ ಮೇಲೆ ಯುದ್ಧ ಸಾರಿತ್ತು! ಮಧ್ಯಾಹ್ನವಾದರೂ ಕದನವಿರಾಮವಿಲ್ಲ. ಅಂಚೆಪೆಟ್ಟಿಗೆಯೊಳಗೆ, ಇನ್ನೂ ಹೊರಗೆ ಮುಖ ತೋರಿಸದ ಮರಿಗಳು ಹಸಿದು ಚೀರುತ್ತಿದ್ದವು.

"ಪಾಪ, ಅವಳೊಬ್ಬಳೇ ಹುಳ ಹೊತ್ತು ಸಾಯ್ತಿದಾಳೆ. ಇವನು ನೋಡಿದ್ರೆ ಬೆಳಗಿಂದ ತನ್ನ ಮುಖದ ಜೊತೆ ಜಗಳ! ಥೇಟ್ ನಿಮ್ಮ ಜಾತಿ. ತೆಗೀರಿ ಅದನ್ನ!"

ನಾಲ್ಕನ್ನೂ ತೆಗೆದೆ. ಗುಬ್ಬಿ ಸ್ಕೂಟರಿನ ಕನ್ನಡಿಗೆ ಹಾರಿತು. ಅದಕ್ಕೆ ನನ್ನ ಕಾಲ್ಚೀಲ ತೊಡಿಸಿದೆವು. ಕಿಟಕಿಯಿಂದ ಒಳನುಗ್ಗಿ ಬೀರುವಿನ ಕನ್ನಡಿಯನ್ನೂ ಕುಕ್ಕಿತು. ಹೆಂಡತಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಬೀರು, ಬಚ್ಚಲು, ಬೇಸಿನ್ನು ಎಲ್ಲದಕ್ಕೂ ಹಳೆಯ ಬೆಡ್‌ಶೀಟು ಹೊದಿಸಿಬಿಟ್ಟಳು.

"ಮರಿ ಹಾರೋವರೆಗೂ ಈ ಮನೇಲಿ ಕನ್ನಡಿ ಅನ್ನೋ ಮಾತೆತ್ತಬೇಡಿ!"

ಭಾನುವಾರ ಬೆಳಿಗ್ಗೆ ಕೈಯಂದಾಜಿನಲ್ಲೇ ಗಡ್ಡ ಹೆರೆದು, ಮೀಸೆ ತಿದ್ದಿ ಮುಗಿಸಿದೆ. ಐವತ್ತು ವರ್ಷದಿಂದ ಹೊತ್ತು ತಿರುಗಿದ ಮುಖ, ನನಗೆ ಗೊತ್ತಿಲ್ಲವೇ?

ಭಾವಮೈದ ಬಂದ. ಗೇಟಿನಿಂದ ನೇರ ತೋಟಕ್ಕೆ ನಡೆದು, ನನಗೆ ಬೆನ್ನು ಹಾಕಿ ಕೂತು, ಟೀ ತರಿಸಿಕೊಂಡು, ದುರ್ಬೀನು ಏರಿಸಿದ. ನಾನು ಮನಸ್ಸಿನಲ್ಲೇ ಸೋಲೊಪ್ಪಿಕೊಂಡೆ. ಆದರೆ ಏನಾಶ್ಚರ್ಯ! ಕನ್ನಡಿ ಹೋದದ್ದೇ ತೋಟಕ್ಕೆ ಉಸಿರು ಬಂದಿತ್ತು. ಗಂಡ ಗುಬ್ಬಿ ಕೊಕ್ಕಿನ ತುಂಬ ಹುಳ ತಂದಿತು, ಹೆಂಡತಿ ಗುಬ್ಬಿ ಗದರಿಸಿ ಇಸಿದುಕೊಂಡಿತು. ಪೆಟ್ಟಿಗೆಯ ಬಾಯಲ್ಲಿ ನಾಲ್ಕು ಪುಟ್ಟ ಬಾಯಿಗಳು! ಅಳಿಲು ಈ ಸಲ ನಿಜವಾದ ಜೊತೆಗಾರನನ್ನೇ ಕರೆತಂದಿತ್ತು. ನೀರಿನ ಬೋಗುಣಿಯಲ್ಲಿ ಎರಡು ಬುಲ್‌ಬುಲ್ ಮೀಯುತ್ತಿದ್ದವು. ನಾನು ಪಂದ್ಯವನ್ನೇ ಮರೆತು ಬಾಯಿಬಿಟ್ಟು ನೋಡಿದೆ. ಒಂದು ಹಳದಿ ಚಿಟ್ಟೆ ಬಂದು ಅವನ ಲೋಟದ ಅಂಚಿಗೇ ಕೂತಿತು.

"ಹನ್ನೊಂದು! ಸಮ ಸಮ ಆಯ್ತಲ್ಲ ಭಾವ!" ಎಂದು ಕೊನೆಯ ಗುಟುಕು ಹೀರಲು ಲೋಟ ಎತ್ತಿದವನು ನನ್ನತ್ತ ತಿರುಗಿದ. ಲೋಟ ಇಳಿಸಿದ. ದುರ್ಬೀನು ಕಣ್ಣಿಗೇರಿಸಿ ನನ್ನನ್ನೇ ನೋಡಿದ. ನೋಟುಬುಕ್ಕಿನಲ್ಲಿ ಬರೆದುಕೊಂಡ.

"ಹನ್ನೆರಡು. ನೀವೇ ಗೆದ್ರಿ ಭಾವ! ಒಂದೇ ಕಡೆ ಮೀಸೆ ಇರೋ ಪ್ರಾಣಿ ನಮ್ಮ ತೋಟಕ್ಕೆ ಇವತ್ತಿನವರೆಗೂ ಬಂದಿಲ್ಲ!"

ಮಾತಿಗೆ ತಪ್ಪದ ಆಸಾಮಿ. ಆಗಲೇ ಫೋಟೋ ತೆಗೆದು ಇಡೀ ಮನೆತನಕ್ಕೆ ಕಳಿಸಿ ಹೊಗಳಿಯೇಬಿಟ್ಟ.

ಕನ್ನಡಿ ವ್ಯಾಪಾರಿಯಾದ ನಾನು ಕನ್ನಡಿಗಾಗಿ ಸ್ಕೂಟರಿನತ್ತ ಓಡಿ ಕಾಲ್ಚೀಲ ಕಿತ್ತು ಬಗ್ಗಿ ನೋಡುತ್ತಿದ್ದೆ. ಹಿಂದಿನಿಂದ ಹೆಂಡತಿ ಕೂಗಿದಳು:

"ರೀ, ಮೊದಲು ಅದನ್ನ ಮುಚ್ಚಿ! ಆ ಮುಖ ಎರಡೆರಡು ಕಂಡ್ರೆ ಮರಿಗಳು ಗೂಡು ಬಿಟ್ಟು ಈಚೆಗೇ ಬರಲ್ಲ!"