ಚಳಿಗೆ ಜಗ್ಗದ ಗಿಡ

ನಿಯಾಜಿಯ ಏಪ್ರಿಕಾಟ್ ಗಿಡ ಸತ್ತಿದೆ ಎಂದು ಬೀದಿಗೆಲ್ಲ ಗೊತ್ತಾದದ್ದು ಅವನ ಹೆಂಡತಿ ಸಬಿಹಾ ಅದರ ಕೊಂಬೆಗಳ ಮೇಲೆ ಒದ್ದೆ ಕಾಲುಚೀಲ ಒಣಹಾಕಿದಾಗ.

ಟರ್ಕಿಯ ಎರ್ಜುರುಮ್ ಊರಿನಲ್ಲಿ ಮೇ ತಿಂಗಳು ಬಂದರೂ ಗೋಡೆಯ ಮರೆಯಲ್ಲಿ ಹಿಮ ಕೂತಿರುತ್ತದೆ, ಹೊರಟೆ ಹೊರಟೆ ಎನ್ನುತ್ತಲೇ ಊಟಕ್ಕೆ ನಿಲ್ಲುವ ನೆಂಟನ ಹಾಗೆ. ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಡುವ ನಿಯಾಜಿ ಊರಂಚಿನ ಈ ಬಾಡಿಗೆ ಮನೆಗೆ ಬಂದ ಮೇಲೆ ಹಿತ್ತಲಲ್ಲಿ ಮೊದಲು ಅಂಜೂರ ನೆಟ್ಟ, ಆಮೇಲೆ ಪೀಚ್, ಆಮೇಲೆ ಏಪ್ರಿಕಾಟ್. ಒಂದೊಂದು ಚಳಿಗಾಲ ಒಂದೊಂದನ್ನು ತಿಂದು ತೇಗಿತ್ತು.

"ನಮ್ಮ ಇಜ್ಮೀರಲ್ಲಿ ಕೊಡೆ ಊರಿದ್ರೂ ಚಿಗುರುತ್ತೆ," ಎಂದಳು ಸಬಿಹಾ, ಕಾಲುಚೀಲ ಹಿಂಡುತ್ತ. "ಇಲ್ಲಿ ಹಸಿರು ಅಂತ ಇರೋದು ನಿಮ್ಮ ರೈಲಿನ ಬಾವುಟ ಒಂದೇ. ಈ ವರ್ಷ ಹಿತ್ತಲಲ್ಲಿ ಜೀವಂತ ಗಿಡ ಕಾಣ್ಲಿಲ್ಲ ಅಂದ್ರೆ ನಾನು ಅಕ್ಕನ ಮನೆಗೆ ಹೊರಟೆ. ವಾಪಸ್ ಟಿಕೆಟ್ ಏನೂ ಕೊಡೋದು ಬೇಡ."

ಅವಳು ನಗದೆ ಹೇಳಿದ್ದರಿಂದ ನಿಯಾಜಿ ಚಹಾ ಅರ್ಧಕ್ಕೇ ಬಿಟ್ಟೆದ್ದ. ಅಂದು ಅವನಿಗೆ ರಜೆ. "ಇವತ್ತು ಸಂಜೆಯೊಳಗೆ ನೋಡ್ತಿರು. ಎರ್ಜುರುಮ್ ಚಳಿಯಪ್ಪ ಬಂದ್ರೂ ಸಾಯದ ಗಿಡ ತರ್ತೀನಿ."

ಪಕ್ಕದ ಮನೆಯ ಕಟುಕ ವೆಹ್ಬಿಗೆ ಈ ಮಾತು ಗೋಡೆಯಾಚೆ ಕೇಳಿಸಿತು. ಅವನು ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ಮಾಂಸ ಸಾಗಿಸುವ ವ್ಯಾನು ತಂದು ಬಾಗಿಲಿಗೇ ನಿಲ್ಲಿಸಿದ.

"ಹತ್ತು ನಿಯಾಜಿ. ನಿನ್ನೊಬ್ಬನ್ನೇ ಕಳಿಸಿದ್ರೆ ಬಾಳೆಗಿಡ ತಂದ್ಬಿಡ್ತೀಯ."

ನರ್ಸರಿಯಲ್ಲಿ ಕಾಲಿಟ್ಟ ಕೂಡಲೇ ನಿಯಾಜಿಯ ಕಣ್ಣು ಗಾಜಿನ ಮನೆಯೊಳಗೆ ಮೈತುಂಬ ಹೂ ಬಿಟ್ಟು ನಿಂತಿದ್ದ ಪೀಚ್ ಮೇಲೆ ಬಿತ್ತು. ವೆಹ್ಬಿ ಅವನ ಕೋಟಿನ ಕಾಲರು ಹಿಡಿದು ಎಳೆದ.

"ಅದು ಮದುವೆಗೆ ಬಂದ ಬ್ಯಾಂಡಿನವನ ಥರ. ಒಂದು ದಿನ ಜೋರು, ಮಾರನೇ ದಿನ ನಾಪತ್ತೆ. ಹೊರಗೆ ಬಾ. ಚಳಿಗಾಲ ಪೂರ್ತಿ ಹಿಮದಲ್ಲಿ ನಿಂತು ಬದುಕಿರೋದನ್ನ ಆರಿಸೋಣ."

ಹೊರಗಿದ್ದವು ನೋಡಲು ಬರೀ ಕೋಲುಗಳು. ಆದರೆ ವೆಹ್ಬಿ ಉಗುರಿನಿಂದ ಒಂದರ ತೊಗಟೆ ಕೆರೆದಾಗ ಒಳಗೆ ಹಸಿರು ಮಿನುಗಿತು. ಆಮೇಲೆ ನಿಯಾಜಿಯನ್ನು ಹಿಡಿಯುವವರಿರಲಿಲ್ಲ. ತಡವಾಗಿ ಹೂ ಬಿಟ್ಟು ಮಂಜಿನ ಕಣ್ಣು ತಪ್ಪಿಸುವ ಸೇಬು ಒಂದು, ಹುಳಿ ಚೆರ್ರಿ ಒಂದು. ಹೂವಿನ ಸರದಿ ಬಂದಾಗ ನರ್ಸರಿಯಾಕೆ ಪಿಯೋನಿ ಗೆಡ್ಡೆಗಳನ್ನು ತೋರಿಸಿದಳು. ಚಳಿಗಾಲದಲ್ಲಿ ಮಣ್ಣೊಳಗೆ ಮಲಗಿ, ವಸಂತದಲ್ಲಿ ಎದ್ದು, ಮೊಮ್ಮಕ್ಕಳ ಕಾಲದವರೆಗೂ ಹೂ ಬಿಡುವ ಜಾತಿ.

"ಬಿಳೀದು ಬೇಡ, ಕೆಂಪು ಕೊಡಮ್ಮ," ಎಂದ ವೆಹ್ಬಿ. "ಹುಡುಗೀರಿಗೆ ಕೆಂಪೇ ಇಷ್ಟ."

ನಲವತ್ತು ದಾಟಿದ ಸಬಿಹಾಳನ್ನು ಹುಡುಗಿ ಎಂದನಲ್ಲ ಎಂದು ನಿಯಾಜಿಗೆ ಹೆಮ್ಮೆಯೇ ಆಯಿತು.

ಗೆಡ್ಡೆ ಒಣಗಬಾರದೆಂದು ವೆಹ್ಬಿ ಅದನ್ನು ವ್ಯಾನಿನಲ್ಲಿದ್ದ ಮಾಂಸದ ಕಾಗದದಲ್ಲಿ ಸುತ್ತಿ, ನೇತುಹಾಕಿದ್ದ ಎರಡು ಕುರಿಗಳ ನಡುವೆ ಇಟ್ಟ. ಇದೇ ಎಡವಟ್ಟಾಯಿತು. ಮನೆಯ ಮುಂದೆ ವ್ಯಾನಿನ ಬಾಗಿಲು ತೆರೆದು ನಿಯಾಜಿ ಸೇಬಿನ ಗಿಡ ಹೆಗಲಿಗೇರಿಸಿದ್ದೇ ತಡ, ಕರುವಿನಷ್ಟು ದೊಡ್ಡದೊಂದು ಕುರಿಕಾಯುವ ನಾಯಿ ಎಲ್ಲಿಂದಲೋ ಬಂದು ಆ ಪೊಟ್ಟಣವನ್ನೇ ಕಚ್ಚಿಕೊಂಡು ಓಡಿತು.

ನಿಯಾಜಿ ಹೆಗಲ ಮೇಲಿದ್ದ ಗಿಡ ಇಳಿಸುವುದನ್ನೂ ಮರೆತು ಬೆನ್ನಟ್ಟಿದ. ಮುಂದೆ ನಾಯಿ, ಹಿಂದೆ ಓಡುವ ಮರ. ಹಾದಿಯಲ್ಲಿ ಒಬ್ಬರ ಟೋಪಿ, ಒಬ್ಬರು ಒಣಹಾಕಿದ್ದ ಲಂಗ, ಎರಡೂ ಕೊಂಬೆಗೆ ಸಿಕ್ಕಿಕೊಂಡವು. ಬೀದಿ ಕೊನೆಯ ಬ್ರೆಡ್ ಅಂಗಡಿಯ ಹತ್ತಿರ ನಾಯಿ ನಿಂತು, ಪೊಟ್ಟಣ ಹರಿದು ಒಮ್ಮೆ ಅಗಿದು, ಇಷ್ಟು ಮೋಸವೇ ಎಂಬಂತೆ ಅವನನ್ನು ನೋಡಿ, ಉಗಿದು ಹೋಯಿತು. ಗೆಡ್ಡೆಯ ಮೊಳಕೆಗಳು ಉಳಿದಿದ್ದವು. ನಿಯಾಜಿ ಅದನ್ನು ಮಗುವಿನಂತೆ ಎದೆಗೊತ್ತಿಕೊಂಡ. ಟೋಪಿ, ಲಂಗ ಒಪ್ಪಿಸಿ ಬರುವಷ್ಟರಲ್ಲಿ ಬೈಗುಳದಿಂದಲೇ ಹೊಟ್ಟೆ ತುಂಬಿತ್ತು.

ಹಿತ್ತಲಿಗೆ ಬಂದರೆ ಎದುರುಮನೆಯ ಪಾಕಿಜೆ ಅಜ್ಜಿ ಆಗಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ನಿಯಾಜಿ ಒಂದು ಗುಂಡಿ ತೋಡಿ ಮುಗಿಸುವವರೆಗೂ ಸುಮ್ಮನಿದ್ದು ಅಂದಳು, "ಅಲ್ಲಿ ನೆಟ್ರೆ ಸೂರಿನ ಹಿಮ ಎಲ್ಲಾ ಜಾರಿ ತಲೆ ಮೇಲೇ ಬೀಳುತ್ತೆ ಕಣೋ. ಗಿಡದ ಸೊಂಟ ಮುರಿಯುತ್ತೆ."

"ಮೊದಲೇ ಹೇಳಬಾರದಿತ್ತಾ ಅಜ್ಜಿ?"

"ನೀನು ಕೇಳಿದೆಯಾ?"

ಎರಡನೇ ಗುಂಡಿ ಬಿಸಿಲಿನ ಗೋಡೆಯ ಬಳಿ. ಅದೂ ತಪ್ಪೇ ಆಯಿತು. ಬಿಸಿಲಿಗೆ ಗಿಡ ಬೇಗ ಹೂ ಬಿಟ್ಟು ಮಂಜಿಗೆ ಸಿಕ್ಕಿಬೀಳುತ್ತದಂತೆ. ಕೊನೆಗೆ ವೆಹ್ಬಿ ಮೀಸೆ ತಿರುವುತ್ತ ಹಿತ್ತಲನ್ನೆಲ್ಲ ಸುತ್ತಿದ.

"ಸೇಬು ಆ ಮೂಲೆಗೆ. ಹುಳಿ ಚೆರ್ರಿ ಅಡುಗೆಮನೆ ಕಿಟಕಿಗೆ ಎದುರಾಗಿ, ಮುರಬ್ಬ ಮಾಡೋಕೆ ಕೈಗೇ ಸಿಗಬೇಕು. ಪಿಯೋನಿ, ಮಲಗೋ ಕೋಣೆ ಕಿಟಕಿ ಕೆಳಗೆ. ಇಲ್ಲಿ ಒಂದು ಬೆಂಚು ಹಾಕೋಕೆ ಜಾಗ ಬಿಡು."

"ಬೆಂಚು ಯಾಕಣ್ಣ?"

"ಗಂಡ ಹೆಂಡತಿ ಕೂರೋದು ಬೇಡವಾ? ಅಗಿ ತಮ್ಮ, ಹೊತ್ತಾಯ್ತು."

ಮೇಲೆ ಕೆಸರು, ಕೆಳಗೆ ಕಲ್ಲಿನಂಥ ಹೆಪ್ಪುಮಣ್ಣು. ಗುದ್ದಲಿ ಟಣ್ ಎಂದು ಹಾರಿತು. ಸಬಿಹಾ ಕುದಿಯುವ ನೀರು ತಂದು ಸುರಿದಳು. ಪಿಯೋನಿಯ ಮೊಳಕೆ ಎರಡು ಬೆರಳಿಗಿಂತ ಆಳ ಹೋಗಬಾರದು, ಹೋದರೆ ಹೂವಿಲ್ಲ ಎಂದು ಅಜ್ಜಿ ತಾನೇ ಬಗ್ಗಿ ಬೆರಳಿಟ್ಟು ಅಳೆದಳು. ನಿಯಾಜಿಯ ಅಂಗೈ ತುಂಬ ಬೊಬ್ಬೆ, ಬೆನ್ನು ಬಾಗಿದ್ದು ಬಾಗಿಯೇ ಉಳಿಯಿತು, ಆದರೂ ಅವನು ಶಿಳ್ಳೆ ಹಾಕುತ್ತಿದ್ದ.

ಬಿಸಿಲು ಇಳಿಯುವ ಹೊತ್ತಿಗೆ ಎಲ್ಲ ಮುಗಿಯಿತು. ಸತ್ತ ಏಪ್ರಿಕಾಟನ್ನು ಸಬಿಹಾ ತಾನೇ ಕಿತ್ತೆಸೆದಳು. ಸೇಬಿನ ಕೊಂಬೆಯ ಉಬ್ಬಿದ ಮೊಗ್ಗನ್ನು ಬೆರಳ ತುದಿಯಿಂದ ಮುಟ್ಟಿ, "ರೀ, ಇದು ಬದುಕುತ್ತೆ," ಎಂದಳು. "ಅಕ್ಕನಿಗೆ ಫೋನ್ ಮಾಡ್ತೀನಿ. ಬೇಸಿಗೆಗೆ ಅವಳೇ ಇಲ್ಲಿಗೆ ಬರಲಿ." ನಿಯಾಜಿಗೆ ನಿಂತಲ್ಲೇ ಒಂದು ಕುಣಿತ ಹಾಕೋಣ ಅನ್ನಿಸಿತು. ಬೆನ್ನು ಒಪ್ಪಲಿಲ್ಲ.

ಆಗ ಕೈಕಾಲು ತೊಳೆದು ಶುಭ್ರ ಅಂಗಿ ತೊಟ್ಟ ವೆಹ್ಬಿ ಬಕ್ಲಾವದ ಡಬ್ಬಿ ಹಿಡಿದು ಬಂದ.

"ಬಾಯಿ ಸಿಹಿ ಮಾಡ್ಕೊಳ್ಳಿ. ನಮ್ಮ ತುರ್ಗಾಯ್‌ಗೆ ಮದುವೆ ಗೊತ್ತಾಯ್ತು."

ತುರ್ಗಾಯ್ ವೆಹ್ಬಿಯ ಮಗ. ಸಬಿಹಾ ಖುಷಿಯಿಂದ ಎರಡು ತುಂಡು ಎತ್ತಿಕೊಂಡಳು. "ಒಳ್ಳೇದಾಗಲಿ ಅಣ್ಣ. ಸಂಸಾರ ಎಲ್ಲಿ ಹೂಡ್ತಾರೆ?"

ವೆಹ್ಬಿ ಅವಳ ಮುಖ ನೋಡಿದ, ನಿಯಾಜಿಯ ಮುಖ ನೋಡಿದ. "ಅಂದ್ರೆ, ಮನೆ ಮಾಲೀಕ ನಿಮಗೆ ಫೋನ್ ಮಾಡ್ಲಿಲ್ವಾ?"

"ಏನಂತ?"

"ಈ ಮನೆ ನಾನು ತಗೊಂಡೆ. ಹೋದ ವಾರವೇ ಮಾತಾಯ್ತು. ಹುಡುಗಿ ಒಂದೇ ಹಟ, ಹಿತ್ತಲಲ್ಲಿ ಹಣ್ಣಿನ ಗಿಡ, ಹೂವು ಇರೋ ಮನೇನೇ ಆಗಬೇಕು ಅಂತ. ನೀನು ಬೆಳಗ್ಗೆ ಗಿಡ ನೆಡ್ತೀನಿ ಅಂದಾಗ, ಹೋಗೋ ಮುಂಚೆ ನಮ್ಮ ಸೊಸೆಗೆ ಉಡುಗೊರೆ ಕೊಡ್ತಾ ಇದೀಯ ಅಂದ್ಕೊಂಡು ನನಗೆ ಕಣ್ಣಲ್ಲಿ ನೀರೇ ಬಂತು ಕಣೋ."

ಸಬಿಹಾಳ ಬಾಯಲ್ಲಿದ್ದ ಬಕ್ಲಾವ ಅತ್ತ ಒಳಗೂ ಹೋಗಲಿಲ್ಲ, ಇತ್ತ ಹೊರಗೂ ಬರಲಿಲ್ಲ. ನಿಯಾಜಿ ನೆಟ್ಟ ಗಿಡದಷ್ಟೇ ಅಲುಗದೆ ನಿಂತಿದ್ದ.

"ಅವಸರ ಇಲ್ಲ ತಮ್ಮ, ಮದುವೆ ಬೇಸಿಗೆ ಕೊನೆಗೆ," ಎಂದು ವೆಹ್ಬಿ ಅವನ ನೋಯುವ ಬೆನ್ನಿನ ಮೇಲೆಯೇ ಪ್ರೀತಿಯಿಂದ ತಟ್ಟಿದ. "ಎಲ್ಲೇ ಮನೆ ಮಾಡಿದ್ರೂ ಹತ್ತಿರದಲ್ಲೇ ಮಾಡು. ದಿನಾ ಬಂದು ನೀರು ಹಾಕೋಕೆ ನಿನಗೂ ಅನುಕೂಲ."