ನಾಲ್ಕು ಕಾಲಿನ ಗಂಟು

ಹಣವನ್ನು ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಸಾಗಿಸುವುದು ಹೇಗೆ ಎಂಬ ವಿಷಯದಲ್ಲಿ ತಮಿಳು ಸೀಮೆಯ ನಮ್ಮ ಓಡೈಪಟ್ಟಿಯಲ್ಲಿ ನನ್ನಷ್ಟು ಆಲೋಚನೆ ಮಾಡಿದವರು ಇನ್ನೊಬ್ಬರಿಲ್ಲ. ಆಲೋಚನೆ ಮಾಡದವರೆಲ್ಲ ತಮ್ಮ ತಮ್ಮ ಹಣವನ್ನು ಕ್ಷೇಮವಾಗಿ ಸಾಗಿಸಿದ್ದಾರೆ.

ಆಗ ಪೆರಿಯಾರ್ ಅಣೆಯ ಕೆಲಸ ನಡೆಯುತ್ತಿತ್ತು. ನಾನು ಅಲ್ಲಿಗೆ ಸುಣ್ಣದ ಗಾಡಿ ಹೊಡೆದು, ಹೊಟ್ಟೆ ಬಟ್ಟೆ ಕಟ್ಟಿ ಒಂದಿಷ್ಟು ರೂಪಾಯಿ ಕೂಡಿಸಿದ್ದೆ. ಪಡುವಲಿಗೆ ಹರಿಯುವ ಹೊಳೆಯನ್ನು ಬೆಟ್ಟ ಕೊರೆದು ಮೂಡಲಿಗೆ ತಿರುಗಿಸಿ, ಕಂಬಂ ಕಣಿವೆಗೆಲ್ಲ ನೀರು ಕೊಡುತ್ತೇವೆಂದು ದೊರೆಗಳು ಹೇಳುತ್ತಿದ್ದರು. ಆ ಅಣೆಗೆ ಸುಣ್ಣ ಸಾಗಿಸಿದವನು ನಾನೇ ಆದ್ದರಿಂದ ನನಗೆ ಅದರಲ್ಲಿ ಎಳ್ಳಷ್ಟೂ ನಂಬಿಕೆ ಇರಲಿಲ್ಲ.

ಘಾಟಿ ಹತ್ತಿದರೆ ತಿರುವಾಂಕೂರು ಮಹಾರಾಜರ ಸೀಮೆ. ಅಲ್ಲಿನ ಏಲಕ್ಕಿ ಮಲೆಯಲ್ಲಿ ನನ್ನ ಹೆಂಡತಿ ಬೊಮ್ಮಕ್ಕನ ತಮ್ಮ ಮುತ್ತಯ್ಯ ಮೊದಲೇ ಹೋಗಿ ನೆಲೆಯೂರಿದ್ದ. ಅವನು ಒಂದು ದಿನ ಬಂದು ಹೇಳಿದ: "ನಿಮಗೂ ಒಂದು ತುಂಡು ತೋಟ ಗೊತ್ತು ಮಾಡಿವ್ನಿ. ಪೊಂಗಲ್ ಮುಗ್ದು ಬರೋ ಅಮಾಸೆ ಒಳಗೆ ಕಾಸು ತಂದು ಕೊಟ್ರೆ ನಿಮ್ದು. ಇಲ್ದಿದ್ರೆ ಇನ್ನೊಬ್ರು ಕಾದವ್ರೆ."

ನಾನು ಹೊಲ ಮಾರಿದೆ. ಹೊಲದ ದುಡ್ಡೂ ಸುಣ್ಣದ ದುಡ್ಡೂ ಸೇರಿ ಒಂದು ಗಂಟಾಯಿತು. ನಮ್ಮ ಇಡೀ ಬಾಳು ಆ ಗಂಟಿನೊಳಗೆ ಕೂತಿತ್ತು.

ಇನ್ನು ಸಾಗಣೆಯ ಪ್ರಶ್ನೆ. ಘಾಟಿಯ ಮೇಲೆ ನಡೆಯುವ ನಾಣ್ಯ ಚಕ್ರ. ನಮ್ಮ ರೂಪಾಯಿಗೆ ಚಕ್ರ ಕೊಡುವ ಚಿನಿವಾರ ವಟ್ಟವೆಂದು ಒಂದಿಷ್ಟು ಮುರಿದುಕೊಂಡೇ ಕೊಡುತ್ತಾನೆ. ನನ್ನ ಬೆವರಿನ ದುಡ್ಡಿನಲ್ಲಿ ಅವನಿಗೇಕೆ ಪಾಲು? ಅಲ್ಲದೆ ಕಾಡುದಾರಿಯಲ್ಲಿ ಕಳ್ಳರ ಭಯ ಬೇರೆ.

ಬೊಮ್ಮಕ್ಕ ನನ್ನ ಅಕ್ಕನ ಮಗಳು. ಮದುವೆಗೆ ಮೊದಲೂ ನಾನು ಅವಳಿಗೆ ಮಾವನೇ, ಆಮೇಲೂ ಮಾವನೇ. ಹೀಗಾಗಿ ನನ್ನ ಬುದ್ಧಿಯ ಆಳ ಅವಳಿಗೆ ಚಿಕ್ಕಂದಿನಿಂದ ಗೊತ್ತು.

"ಮಾವ, ಬಂಗಾರ ಮಾಡ್ಸು. ಕಿವಿಗೆ, ಕತ್ತಿಗೆ ಆಕ್ಕೊಂಡು ಮೇಲೆ ಹಳೇ ಸೀರೆ ಹೊದ್ಕಂಡು ನಡೀತೀನಿ. ಅಲ್ಲಿ ಮಾರಿದ್ರೆ ಆಯ್ತು" ಎಂದಳು.

"ನಿನ್ನ ಕಿವಿಗೆ ಹೋದ ಬಂಗಾರ ತಿರುಗಿ ಬರೋದುಂಟಾ?" ಎಂದು ನಕ್ಕೆ. ಆ ನಗೆಯನ್ನು ಅವಳು ಜೋಪಾನವಾಗಿ ಇಟ್ಟುಕೊಂಡಿದ್ದಾಳೆ. ಈಗಲೂ ಆಗಾಗ ತೆಗೆದು ತೋರಿಸುತ್ತಾಳೆ.

ದೀರ್ಘಾಲೋಚನೆಯ ನಂತರ ನಾನು ಒಂದು ನಿರ್ಣಯಕ್ಕೆ ಬಂದೆ. ಗಂಟನ್ನು ನಾವೇಕೆ ಹೊರಬೇಕು? ಗಂಟೇ ನಡೆದುಕೊಂಡು ಬರಲಿ! ಮಲೆಯ ಮೇಲೆ ಒಳ್ಳೆಯ ಹೋರಿಗೆ ಬಾಯಿಬಿಡುತ್ತಾರೆಂದು ಕೇಳಿದ್ದೆ. ಇಲ್ಲಿ ಕೊಂಡು, ನಡೆಸಿಕೊಂಡು ಹೋಗಿ, ಅಲ್ಲಿ ಮಾರಿದರೆ ಕೈಗೆ ನೇರವಾಗಿ ಚಕ್ರವೇ ಬರುತ್ತದೆ. ವಟ್ಟವಿಲ್ಲ, ಭಾರವಿಲ್ಲ.

ದನದ ಸಂತೆಗೆ ಹೋದೆ. ದಲ್ಲಾಳಿ ವಲ್ಲಿಯ ಕೆಳಗೆ ನನ್ನ ಬೆರಳು ಹಿಡಿದು, ಬೆರಳಿಗಿಷ್ಟು ರೂಪಾಯಿ ಎಂದು ವ್ಯಾಪಾರ ಕುದುರಿಸಿದ. ಹೋರಿ ಅಚ್ಚ ಬಿಳುಪು. ಅದರ ಭುಜ ನೋಡುತ್ತಾ ನಾನು ಮೈಮರೆತು, ಅವನು ಹಿಡಿದ ಬೆರಳಿಗೆಲ್ಲ ತಲೆಯಾಡಿಸಿದೆ. ವಲ್ಲಿ ತೆಗೆದಾಗ ಗಂಟು ಪೂರ್ತಿ ಖಾಲಿಯಾಗಿತ್ತು.

"ದಿನಾ ಕಬ್ಬು ತಿನ್ಸಿ ಅಣ್ಣಾ, ಮೈ ಮಿರಮಿರ ಅಂತದೆ. ಒಳ್ಳೇ ಬೆಲೆ ಬತ್ತದೆ" ಎಂದು ದಲ್ಲಾಳಿ ಉಪದೇಶ ಮಾಡಿ ಹೋದ.

ತಿನ್ನಿಸಿದೆ. ಪೊಂಗಲ್‌ವರೆಗೂ ತಿನ್ನಿಸಿದೆ. ಕೊನೆಕೊನೆಗೆ ಅದು ಹುಲ್ಲನ್ನು ಮೂಸಿ ನೋಡಿ, ಏನಿದು ಎಂಬಂತೆ ನನ್ನ ಮುಖ ನೋಡತೊಡಗಿತು. ಯಾರ ಕೈಯಲ್ಲಾದರೂ ಕಬ್ಬು ಕಂಡರೆ ಹಗ್ಗ ಕಿತ್ತುಕೊಂಡು ಓಡುತ್ತಿತ್ತು.

ಹೊರಡುವ ಮುನ್ನ ಹೊಸ ಚಿಂತೆ ಹತ್ತಿತು. ಇಷ್ಟು ಚೆಂದದ ಹೋರಿಯನ್ನು ಕಳ್ಳರು ಬಿಟ್ಟಾರೆಯೇ? ಚೌಕಿಯವರು ದನಕ್ಕೂ ಸುಂಕ ಕೇಳಿದರೆ? ಆಗ ನನ್ನ ತಲೆಗೆ ಇನ್ನೊಂದು ಅಮೋಘ ಉಪಾಯ ಹೊಳೆಯಿತು. ಹೋರಿಯ ಮೈಗೆ ಅರಿಶಿನ ಬಳಿದೆ, ಹಣೆಗೆ ಕುಂಕುಮ ಇಟ್ಟೆ, ಕೊರಳಿಗೆ ಗಂಟೆ ಕಟ್ಟಿದೆ. ಕೇಳಿದವರಿಗೆಲ್ಲ "ಇದು ಸಾಮಿ ಹೋರಿ" ಅಂದರಾಯಿತು. ದೇವರ ದನವನ್ನು ಕಳ್ಳನೂ ಮುಟ್ಟುವುದಿಲ್ಲ, ಸುಂಕದವನೂ ಮುಟ್ಟುವುದಿಲ್ಲ.

"ಸಾಮಿ ಹೆಸರಲ್ಲಿ ಸುಳ್ಳು ಬ್ಯಾಡ ಮಾವ" ಎಂದಳು ಬೊಮ್ಮಕ್ಕ.

"ಇದು ಸುಳ್ಳಲ್ಲ. ದಾರಿ ಮಟ್ಟಿಗೆ ಒಂದು ಏರ್ಪಾಡು" ಎಂದೆ.

ದನಗಳ ಹಬ್ಬವಾದ ಮಾಟ್ಟುಪ್ಪೊಂಗಲ್ ಮರುದಿನ ಕೋಳಿ ಕೂಗುವ ಮೊದಲೇ ಹೊರಟೆವು. ಏರ್ಪಾಡು ನಾನು ಎಣಿಸಿದ್ದಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ದಾರಿಯ ಊರುಗಳಲ್ಲಿ ಹೆಂಗಸರು ಬಂದು ಹೋರಿಯ ಕಾಲಿಗೆ ನೀರು ಹಾಕಿದರು. ಕೆಲವರು ಕೈಮುಗಿದುಕೊಂಡು ಹಿಂದೆಯೇ ನಡೆದರು. ಕಂಬಂ ಮುಟ್ಟುವ ಹೊತ್ತಿಗೆ ನನ್ನ ಹಿಂದೆ ಒಂದು ಸಣ್ಣ ಮೆರವಣಿಗೆಯೇ ಇತ್ತು. ಕಾವಲಿಗೆ ಇಷ್ಟು ಜನ, ಅದೂ ಪುಕ್ಕಟೆ! ನಾನು ಮೀಸೆ ತಿರುವಿದೆ.

ಕಂಬಂನಲ್ಲಿ, ಹಿಂದೆ ಕನ್ನಡ ಸೀಮೆಯಿಂದ ಬಂದು ನೆಲೆಸಿದ ನಮ್ಮ ಕುಲದವರು ಕಾಪಾಡಿಕೊಂಡು ಬಂದಿರುವ ದೇವರ ದನಗಳ ಮಂದೆ ಇದೆ. ಆ ಹಸುಗಳ ಹಾಲು ಕರೆಯುವುದಿಲ್ಲ, ಹೋರಿಗಳಿಗೆ ನೊಗ ಹೂಡುವುದಿಲ್ಲ, ಯಾವುದನ್ನೂ ಮಾರುವುದಿಲ್ಲ. ಮಂದೆಗೊಂದು ಪಟ್ಟದ ಹೋರಿ. ಅದು ಸತ್ತರೆ ಕುಲದವರೆಲ್ಲ ಬಯಲಿನಲ್ಲಿ ಸೇರಿ, ಕರ್ಪೂರ ಹಚ್ಚಿ, ಮಂದೆಯ ಮುಂದೆ ಕಬ್ಬಿನ ಕಟ್ಟು ಇಡುತ್ತಾರೆ. ಯಾವ ಹೋರಿ ಮೊದಲು ಬಂದು ಕಬ್ಬಿಗೆ ಬಾಯಿ ಹಾಕುತ್ತದೋ ಅದಕ್ಕೇ ಪಟ್ಟ.

ಇದೆಲ್ಲ ನನಗೆ ಹುಟ್ಟಿದಾಗಿನಿಂದ ಗೊತ್ತು. ಹಳೆಯ ಪಟ್ಟದ ಹೋರಿ ಆಗತಾನೇ ಸತ್ತಿದೆ ಎಂಬುದೊಂದು ಗೊತ್ತಿರಲಿಲ್ಲ.

ನಾವು ಬಯಲಿನ ಪಕ್ಕಕ್ಕೆ ಬಂದಾಗ ಜನ ಉಸಿರು ಬಿಗಿಹಿಡಿದು ನಿಂತಿದ್ದರು. ಕರ್ಪೂರ ಉರಿಯುತ್ತಿತ್ತು. ನಡುವೆ ಕಬ್ಬಿನ ಕಟ್ಟು. ಮಂದೆಯ ದನಗಳು ಹಿಂದಿನ ದಿನ ಹಬ್ಬದ ಪೊಂಗಲ್ ಹೊಟ್ಟೆತುಂಬ ತಿಂದದ್ದರಿಂದ ಒಂದೂ ಕದಲಲಿಲ್ಲ.

ನನ್ನ ಗಂಟು ಕಿವಿ ನಿಮಿರಿಸಿತು.

ಹಗ್ಗ ಬಿಗಿಹಿಡಿದೆ. ಹಿಡಿದೇ ಇದ್ದೆ. ಅದು ಓಡಿತು, ನಾನು ಮಣ್ಣಿನಲ್ಲಿ ಹೊಟ್ಟೆ ಎಳೆದುಕೊಂಡು ಹಿಂಬಾಲಿಸಿದೆ. ಕಣ್ಣಿನ ಧೂಳು ಒರೆಸಿಕೊಂಡು ನೋಡುವಾಗ ಅದು ದೊಡ್ಡ ಕರ್ಪೂರದ ತಟ್ಟೆಯ ಪಕ್ಕದಲ್ಲಿ ನಿಂತು ಕರಕರನೆ ಕಬ್ಬು ಅಗಿಯುತ್ತಿತ್ತು.

ಕುಲದ ದೊಡ್ಡಗೌಡರು ಹತ್ತಿರ ಬಂದರು. "ಯಾರದಪ್ಪಾ ಈ ಹೋರಿ?"

ನಾನು ಬಾಯಿ ತೆರೆಯುವ ಮೊದಲೇ ಹಿಂದೆ ಬಂದಿದ್ದ ಜನ ಹೇಳಿದರು: "ಸಾಮಿ ಹೋರಿ ಗೌಡ್ರೇ. ದಾರಿ ಉದ್ದಕ್ಕೂ ಅವ್ರೇ ಸೊಲ್ಲಿಕೊಂಡು ಬಂದವ್ರೆ."

"ಆಮಾವಾ, ನಿಜವೇನಪ್ಪಾ ರಂಗಯ್ಯ? ನಿನ್ನ ಬಾಯಲ್ಲೇ ಒಂದು ಮಾತು ಹೇಳು."

ನಾನು ಬೊಮ್ಮಕ್ಕನ ಕಡೆ ನೋಡಿದೆ. ಅವಳು ಆಕಾಶ ನೋಡಿದಳು. ನನ್ನದು ಅಂದರೆ ಇಡೀ ಕುಲದ ಮುಂದೆ ದೇವರ ಹೆಸರಲ್ಲಿ ಸುಳ್ಳು ಹೇಳಿದವನಾಗುತ್ತೇನೆ. ದೇವರದು ಅಂದರೆ ಹೊಲ, ಸುಣ್ಣ, ಏಲಕ್ಕಿ ಎಲ್ಲವೂ ಹೋಯಿತು.

"ಸಾಮೀದೇ" ಎಂದೆ. ದನಿ ನನ್ನದೇ ಎಂದು ನನಗೆ ಗುರುತು ಸಿಗಲಿಲ್ಲ.

ತಮಟೆ ಬಾರಿಸಿದರು. ನನ್ನ ತಲೆಗೆ ಪಟ್ಟೆಬಟ್ಟೆ ಸುತ್ತಿ ಮೊದಲ ವೀಳ್ಯ ಕೊಟ್ಟರು. ನನಗೆ ಅಳು ಉಕ್ಕಿ ಬಂತು, ತಡೆಯಲಾಗದೆ ಎಲ್ಲರೆದುರೇ ಅತ್ತುಬಿಟ್ಟೆ. ಜನ ಅದನ್ನು ಭಕ್ತಿ ಎಂದುಕೊಂಡು ತಾವೂ ಅತ್ತರು.

ಸಂಜೆ ಛತ್ರದ ಜಗಲಿಯಲ್ಲಿ ಕೂತಾಗ ಬೊಮ್ಮಕ್ಕ ಮೆಲ್ಲಗೆ ಹೇಳಿದಳು: "ನನ್ ಕಿವೀಲಿ ಇದ್ದಿದ್ರೆ ಯಾವ ಸಾಮೀನೂ ಕೇಳ್ತಿರ್ಲಿಲ್ಲ." ಆಮೇಲೆ ತನ್ನ ಮಡಿಲಿನಿಂದ ನಾಲ್ಕು ರೊಟ್ಟಿ ತೆಗೆದು, ದೊಡ್ಡದನ್ನು ನನಗೇ ಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಅಮಾವಾಸ್ಯೆ ಕಳೆಯಿತು. ತೋಟ ಇನ್ನೊಬ್ಬರ ಪಾಲಾಯಿತು. ಓಡೈಪಟ್ಟಿಗೆ ತಿರುಗಿ ಹೋಗಲು ಹೊಲವಿಲ್ಲ. ಪರರಾಜ್ಯಕ್ಕೆಂದು ಹೊರಟವನು ಕಂಬಂನಲ್ಲೇ ಗುತ್ತಿಗೆಗೆ ಒಂದು ತುಂಡು ನೆಲ ಹಿಡಿದು ಕೂತೆ. ನಾನು ನಂಬದಿದ್ದ ನೀರು ನನ್ನ ಒಪ್ಪಿಗೆ ಕೇಳದೆ ಬೆಟ್ಟ ಕೊರೆದುಕೊಂಡು ಬಂದೇ ಬಂತು.

ಆ ನೀರಿನಲ್ಲಿ ನಾನೀಗ ಕಬ್ಬು ಬೆಳೆಯುತ್ತೇನೆ. ಬೇರೆ ದಾರಿಯಿಲ್ಲ. ಪಟ್ಟದ ಹೋರಿಯನ್ನು ಕೊಟ್ಟವನೇ ಅದಕ್ಕೆ ಕಬ್ಬಿನ ಮೊದಲ ಕಟ್ಟು ತರಬೇಕೆಂದು ದೊಡ್ಡಗೌಡರು ಗೌರವದಿಂದ ತೀರ್ಮಾನಿಸಿದ್ದಾರೆ. ಹೋರಿ ಹುಲ್ಲು ಮುಟ್ಟುವುದಿಲ್ಲ ಎಂಬುದು ಅವರಿಗೆ ಆಮೇಲೆ ತಿಳಿಯಿತು. ಅದನ್ನು ದೇವರ ಮಹಿಮೆ ಎಂದು ಕೊಂಡಾಡುತ್ತಾರೆ.

ಬೇರೆಯವರು ಕೂಡಿಸಿಟ್ಟ ಹಣ ಅವರಿಗೆ ಬಡ್ಡಿ ಕೊಡುತ್ತದಂತೆ. ನನ್ನ ಹಣಕ್ಕೆ ನಾನೇ ತಲೆಯ ಮೇಲೆ ಬಡ್ಡಿ ಹೊತ್ತುಕೊಂಡು ಹೋಗಿ, ತಿನ್ನಿಸಿ, ಕೈಮುಗಿದು ಬರುತ್ತೇನೆ.