ಬೀರುವಿನೊಳಗಿನ ಬೆಳ್ಳಿ ಮುಖ

ಗಂಡಸಿಗೆ ಐವತ್ತು ದಾಟಿತೆಂದರೆ ಏನಾದರೊಂದು ಹುಚ್ಚು ಹಿಡಿಯಲೇಬೇಕು. ಕೆಲವರಿಗೆ ರಾಜಕೀಯ, ಕೆಲವರಿಗೆ ಯೋಗಾಸನ, ಇನ್ನು ಕೆಲವರಿಗೆ ತಲೆಗೂದಲಿಗೆ ಕಪ್ಪು ಹಚ್ಚುವುದು. (ಮೂರೂ ಒಟ್ಟಿಗೆ ಹಿಡಿದವರು ಚಳ್ಳಕೆರೆಯಲ್ಲಿ ಇದ್ದಾರೆ, ಹೆಸರು ಬೇಡ.) ಶೇಂಗಾ ಮಂಡಿಯ ಸಾವುಕಾರ ಜಯದೇವಪ್ಪನವರಿಗೆ ಮಾತ್ರ ಊರಲ್ಲಿ ಯಾರಿಗೂ ಹಿಡಿಯದ ಹುಚ್ಚು ಹಿಡಿಯಿತು. ಅವರು ಅಮೆರಿಕದ ಬಣ್ಣಗೆಟ್ಟ ಬೆಳ್ಳಿ ಡಾಲರ್ ನಾಣ್ಯಕ್ಕೆ ಮನಸೋತರು.

ಎರಡು ಸಾವಿರದ ನಾಲ್ಕರ ಬೇಸಿಗೆ. ಎಣ್ಣೆ ಧಾರಣೆ ನೋಡಲು ಶಶಿಕಾಂತನ ಸೈಬರ್ ಸೆಂಟರಿಗೆ ಹೋದ ಜಯದೇವಪ್ಪನವರು, ಪಕ್ಕದ ಕಂಪ್ಯೂಟರಿನಲ್ಲಿ ಯಾರೋ ತೆರೆದಿಟ್ಟು ಹೋಗಿದ್ದ ಹರಾಜಿನ ಪುಟ ಕಂಡು ನಿಂತಲ್ಲೇ ನಿಂತರು. ದುಂಡನೆಯ ಒಂದು ಡಾಲರ್. ಅದರಲ್ಲೊಬ್ಬ ಹೆಂಗಸಿನ ಮುಖ. ಅಂಚಿಗೆ ಬದನೆಕಾಯಿ ಬಣ್ಣ, ಕೆನ್ನೆಗೆ ನವಿಲಿನ ಕತ್ತಿನ ನೀಲಿ, ಹಣೆಯ ಹತ್ತಿರ ಜೇನಿನ ಬಣ್ಣ. ಹಳೇ ಬೆಳ್ಳಿಯನ್ನು ಕಾಗದದಲ್ಲೋ ಬಟ್ಟೆಯಲ್ಲೋ ಸುತ್ತಿ ವರ್ಷಗಟ್ಟಲೆ ಮರೆತುಬಿಟ್ಟರೆ ಹೀಗೆ ಬಣ್ಣ ತಿರುಗುತ್ತದಂತೆ. ತೊಳೆದು ಫಳಫಳ ಮಾಡಿದ ನಾಣ್ಯವನ್ನು ಅಲ್ಲಿಯವರು ಮೂಸಿಯೂ ನೋಡುವುದಿಲ್ಲವಂತೆ, ಬಣ್ಣ ತಿರುಗಿದ್ದಕ್ಕೇ ಬೆಲೆಯಂತೆ. ಇಷ್ಟನ್ನೂ ಶಶಿಕಾಂತ ಓದಿ ಹೇಳಿದ ಮೇಲೆ ಜಯದೇವಪ್ಪನವರು ಎಣ್ಣೆ ಧಾರಣೆ ಕೇಳುವುದನ್ನೇ ಮರೆತು ಮನೆಗೆ ಬಂದರು.

ಮನೆಯಲ್ಲಿ ಪರಿಸ್ಥಿತಿ ಇದಕ್ಕೆ ತದ್ವಿರುದ್ಧ. ಅವರ ಧರ್ಮಪತ್ನಿ ತಿಪ್ಪೇರುದ್ರಮ್ಮನವರಿಗೂ ಕಪ್ಪಾದ ಬೆಳ್ಳಿಗೂ ಹುಟ್ಟುಹಗೆ. ಭಾನುವಾರ ಬಂತೆಂದರೆ ದೇವರ ಕೋಣೆಯ ದೀಪ, ತಟ್ಟೆ, ಲಿಂಗದ ಕರಡಿಗೆ ಎಲ್ಲವೂ ಹುಣಸೆಹಣ್ಣು, ವಿಭೂತಿಗಳ ಕೈಯಲ್ಲಿ ಸಿಕ್ಕು ಚರ್ಮ ಸುಲಿಸಿಕೊಳ್ಳಬೇಕು. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದ್ದಕ್ಕೆ ಆಕೆಗೊಂದು ಮೊಳಕಾಲ್ಮೂರು ರೇಷ್ಮೆ ಸೀರೆ ತೆಗೆಸಿಕೊಡುವುದಾಗಿ ಜಯದೇವಪ್ಪನವರು ನೆಂಟರ ಎದುರಿಗೆ ಮಾತು ಕೊಟ್ಟಿದ್ದರು. ಆ ಸೀರೆಯ ದುಡ್ಡೇ ಈಗ ಸಮುದ್ರ ದಾಟಲು ಹೊರಟಿತ್ತು. ಹೆಂಡತಿ ಕೇಳಿದಾಗಲೆಲ್ಲ, ಸೀರೆ ನೇಕಾರ ಪಾಪಣ್ಣನ ಮಗ್ಗದ ಮೇಲೆ ಐತೆ, ಒಳ್ಳೇ ಸೀರೆಗೆ ಅವಸರ ಮಾಡಬಾರದು ಎಂದು ಸಾಗಹಾಕುತ್ತಿದ್ದರು.

ಹರಾಜೂ ವಿಚಿತ್ರವೇ. ಮಂಡಿಯಲ್ಲಾದರೆ ಕೂಗುವವನ ಗಂಟಲು ಕೇಳಿಸುತ್ತದೆ, ಎದುರಾಳಿಯ ಮೀಸೆ ಕಾಣಿಸುತ್ತದೆ. ಇಲ್ಲಿ ಮುಖವೂ ಇಲ್ಲ, ಸದ್ದೂ ಇಲ್ಲ. ಇನ್ನೇನು ನಾಣ್ಯ ತಮ್ಮದಾಯಿತು ಎನ್ನುವಷ್ಟರಲ್ಲಿ ಎಲ್ಲಿಂದಲೋ ಯಾರೋ ಒಂದು ಡಾಲರ್ ಏರಿಸಿ ಮಾಯವಾಗುತ್ತಿದ್ದರು. ಹೀಗೆ ಹಲವು ಸಲ ಸೋತು, ಕೊನೆಗೊಂದು ದಿನ ಗೆದ್ದರು. ಅಮೆರಿಕಕ್ಕೆ ದುಡ್ಡು ಕಟ್ಟುವ ಕಾರ್ಡು ಶಶಿಕಾಂತನ ಹತ್ತಿರವಿತ್ತು, ಅವನೇ ಕಟ್ಟಿದ. ಮಾರಿದವನು ಬರೆದಿದ್ದ ವಿವರವನ್ನೂ ಓದಿ ಹೇಳಿದ: ಈ ನಾಣ್ಯ ಒಬ್ಬ ಒಂಟಿ ಮುದುಕಿಯದು, ಬೀರುವಿನಲ್ಲಿ ರೇಷ್ಮೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದಳು, ಸಾಯುವ ತನಕ ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಜಯದೇವಪ್ಪನವರು ಅಂದು ನಕ್ಕರು. ಆ ನಗು ಬಹಳ ದಿನ ಬಾಳಲಿಲ್ಲ.

ಮಂಡಿಯ ವಿಳಾಸಕ್ಕೆ ಪಾರ್ಸೆಲ್ ಬಂತು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂತ ಬೆಳ್ಳಿ ಹೆಂಗಸನ್ನು ಅವರು ಪಂಚೆಯಲ್ಲಿ ಮುಚ್ಚಿ ಮನೆಗೆ ತಂದು, ಮಲಗುವ ಕೋಣೆಯ ಬೀರುವಿನಲ್ಲಿ ಹಳೇ ಕೋಟಿನ ಅಡಿಗಿಟ್ಟು ಬೀಗ ಹಾಕಿದರು. ಬೀಗದ ಕೈ ಉಡಿದಾರಕ್ಕೆ ಹೋಯಿತು. ಮಧ್ಯಾಹ್ನ ಊಟವಾಗಿ ತಿಪ್ಪೇರುದ್ರಮ್ಮ ಪಡಸಾಲೆಯಲ್ಲಿ ಅಡ್ಡಾದ ಮೇಲೆ, ಇವರು ಕೋಣೆ ಸೇರಿ ಡಬ್ಬಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿಯುವರು. ಆ ಹೆಂಗಸಿನ ಕಣ್ಣಿನಲ್ಲಿ ಪಾಪೆಯೇ ಇರಲಿಲ್ಲ. ಆದರೂ ಎಲ್ಲಿಂದ ನೋಡಿದರೂ ಅವಳಿಗೆ ತಮ್ಮ ಗುಟ್ಟು ತಿಳಿದಂತೆ ಕಾಣುತ್ತಿತ್ತು.

ಒಂದು ದಿನ ಬೀರು ತೆರೆದರೆ ಲೋಬಾನದ ವಾಸನೆ. ಪಕ್ಕದ ಮನೆಯದಿರಬೇಕು ಎಂದುಕೊಂಡರು. ಮರುದಿನ ಡಬ್ಬಿಯ ಮುಚ್ಚಳದ ಮೇಲೆ, ಸರಿಯಾಗಿ ಹೆಂಗಸಿನ ಹಣೆಯ ನೇರಕ್ಕೆ, ಒಂದು ಬೊಟ್ಟು ಕುಂಕುಮ. ಜಯದೇವಪ್ಪನವರು ಅದನ್ನು ಪಂಚೆಯ ತುದಿಯಿಂದ ಒರೆಸಿ ಇಟ್ಟರು. ಮತ್ತೊಂದು ದಿನ ಕನಕಾಂಬರದ ಹೂವು, ಇನ್ನೂ ಬಾಡಿರಲಿಲ್ಲ. ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು, ಕೈ ಉಡಿದಾರದಲ್ಲೇ ಇತ್ತು. ಮಟಮಟ ಮಧ್ಯಾಹ್ನ, ಕರೆಂಟು ಬೇರೆ ಹೋಗಿ ಫ್ಯಾನು ನಿಂತಿತ್ತು. ಕೋಟಿನ ತೋಳು ತಾನಾಗಿ ಅಲುಗಿದಂತೆ ಕಂಡು ಅವರು ಬೀರುವಿನ ಬಾಗಿಲು ಹಾಕಿದವರು, ಪಂಚೆಯ ತುದಿ ಅದರೊಳಗೆ ಸಿಕ್ಕಿದ್ದರೂ ಮತ್ತೆ ತೆರೆಯುವ ಧೈರ್ಯವಿಲ್ಲದೆ ಅರ್ಧ ಗಂಟೆ ಅಲ್ಲೇ ನಿಂತಿದ್ದರು.

ಇದಕ್ಕಿಂತ ಭಯಂಕರವಾದದ್ದು ಇನ್ನೊಂದು. ತಿಪ್ಪೇರುದ್ರಮ್ಮ ಜಗಳ ಆಡುವುದನ್ನು ನಿಲ್ಲಿಸಿಬಿಟ್ಟರು. ಇಪ್ಪತ್ತೈದು ವರ್ಷ ಬೆಳಿಗ್ಗೆ ಕಾಫಿಯ ಜೊತೆಗೇ ಶುರುವಾಗುತ್ತಿದ್ದ ಮಾತು ಒಮ್ಮೆಗೇ ಬತ್ತಿತು. ಸೀರೆಯ ಸುದ್ದಿ ಎತ್ತುವುದೂ ಬಿಟ್ಟರು. ಗಂಡನ ಮುಖ ನೋಡಿ ನಿಟ್ಟುಸಿರು ಬಿಡುವರು, ತಾವಾಗಿಯೇ ಇನ್ನೊಂದು ಚಮಚ ತುಪ್ಪ ಬಡಿಸುವರು. (ಹೆಂಡತಿ ಕೇಳದೆ ತುಪ್ಪ ಬಡಿಸಿದರೆ ಬುದ್ಧಿವಂತನಾದವನು ಡಾಕ್ಟರಿಗೆ ತೋರಿಸಿಕೊಳ್ಳಬೇಕು.) ಒಂದು ಅಮಾವಾಸ್ಯೆಯ ಹಿಂದಿನ ದಿನವಂತೂ ಊಟಕ್ಕೆ ಮೂರು ತಟ್ಟೆ ಹಾಕಿದರು. ಇಬ್ಬರೇ ಇದ್ದ ಮನೆಯಲ್ಲಿ ಮೂರನೆಯದು ಯಾರಿಗೆ ಎಂದು ಕೇಳುವ ಬದಲು ಜಯದೇವಪ್ಪನವರು ತಮ್ಮ ತಟ್ಟೆಯನ್ನು ತುಸು ಈಚೆಗೆ ಎಳೆದುಕೊಂಡರು. ಆ ತಟ್ಟೆಗೂ ಹೋಳಿಗೆ ಬಿತ್ತು.

ಅಮೆರಿಕದ ಮುದುಕಿ ನಾಣ್ಯದ ಹಿಂದೆಯೇ ಹಡಗು ಹತ್ತಿ ಬಂದಿದ್ದಾಳೆ, ಬಂದವಳು ತಮ್ಮ ಹೆಂಡತಿಯ ಮೈಯನ್ನೂ ಹೊಕ್ಕಿದ್ದಾಳೆ ಎಂದು ಅವರಿಗೆ ಖಾತ್ರಿಯಾಯಿತು. ಅಮಾವಾಸ್ಯೆಯ ದಿನ ಮಂಡಿಯಿಂದ ಬೇಗನೆ ಹೊರಟರು. ನಾಣ್ಯವನ್ನು ಬಂದ ಡಬ್ಬಿಯಲ್ಲೇ ವಾಪಸು ಕಳಿಸುವುದು, ದುಡ್ಡು ಹೋದರೆ ಹೋಗಲಿ, ಹೆಂಡತಿ ಮೊದಲಿನಂತೆ ಬೈದರೆ ಸಾಕು ಎಂದು ತೀರ್ಮಾನಿಸಿ ಬೀರು ತೆರೆದರು. ಡಬ್ಬಿ ಇತ್ತು. ಅದರೊಳಗೆ ನಾಣ್ಯ ಇರಲಿಲ್ಲ.

ಅಷ್ಟರಲ್ಲಿ ದೇವರ ಕೋಣೆಯಿಂದ ತಿಪ್ಪೇರುದ್ರಮ್ಮನ ದನಿ ಕೇಳಿಸಿತು. ಮೆಲ್ಲಗೆ, ಎದುರಿಗೆ ಕೂತವರ ಜೊತೆ ಮಾತಾಡುವ ಹಾಗೆ.

“ಅಕ್ಕಾ, ನೀನು ನನಗಿಂತ ಮೊದ್ಲು ಬಂದೋಳು. ನಿನ್ನ ಹಕ್ಕು ನಾನು ಕಿತ್ಕಳಲ್ಲ. ಆದ್ರೆ ನನ್ನ ಗಂಡನ್ನ ಮಾತ್ರ ಬಿಟ್ಟುಬಿಡವ್ವ.”

ಜಯದೇವಪ್ಪನವರು ಖಾಲಿ ಡಬ್ಬಿಯನ್ನು ಕೋಟಿನ ಮೇಲೆ ಬಿಟ್ಟರು. ಗೋಡೆ ಹಿಡಿದು ಹಿಡಿದು ಬಾಗಿಲ ತನಕ ಬಂದು ಇಣುಕಿದರು. ತಟ್ಟೆಯಲ್ಲಿ ಅಕ್ಕಿ, ಅಕ್ಕಿಯ ಮೇಲೆ ಆ ಹೆಂಗಸು. ಹುಣಸೆಹಣ್ಣಿನಲ್ಲಿ ಮಿಂದು, ವಿಭೂತಿಯಲ್ಲಿ ಉಜ್ಜಿಸಿಕೊಂಡು, ಹೊಸ ಚಮಚದಷ್ಟು ಬೆಳ್ಳಗೆ ಹೊಳೆಯುತ್ತಿದ್ದಳು. ಬದನೆಕಾಯಿ ಬಣ್ಣವಿಲ್ಲ, ಜೇನಿಲ್ಲ, ನವಿಲಿಲ್ಲ. ನೂರು ವರ್ಷದ ಬಣ್ಣ ಒಂದು ಮಧ್ಯಾಹ್ನದಲ್ಲಿ ಬಚ್ಚಲ ಪಾಲಾಗಿತ್ತು. ಜಯದೇವಪ್ಪನವರು ಅಲ್ಲೇ ಕುಸಿದು ಕೂತು, ಹೋಯ್ತಲ್ಲೋ ಶಿವನೇ ಎಂದು ಬಿಕ್ಕಿ ಬಿಕ್ಕಿ ಅತ್ತರು.

“ನೋಡಿದ್ಯಾ ಅಕ್ಕಾ, ನಾನು ಹೇಳಲಿಲ್ವಾ?” ಎಂದು ತಿಪ್ಪೇರುದ್ರಮ್ಮನಿಗೆ ಹೇಳಿತು ಇನ್ನೊಂದು ದನಿ. ಮೂಲೆಯಲ್ಲಿ ಸೀರೆಯ ಗಂಟಿಟ್ಟುಕೊಂಡು ಕೂತಿದ್ದವಳು ದ್ಯಾಮಮ್ಮ. ಮೊಳಕಾಲ್ಮೂರಿನಿಂದ ಸೀರೆ ಹೊತ್ತು ಮಾರಲು ಬರುವವಳು, ಸೀರೆ ಮಗ್ಗದ ಮೇಲಿದೆಯೆಂದು ಜಯದೇವಪ್ಪನವರು ಹೇಳುತ್ತಿದ್ದ ಅದೇ ನೇಕಾರ ಪಾಪಣ್ಣನ ಹೆಂಡತಿ. “ಅಯ್ಯೋ ದೇವುಡಾ, ಎಷ್ಟು ಆಸೆ ಇಟ್ಟಿದ್ರು ಪಾಪ.”

ಆಮೇಲೆ ತಿಳಿದುಬಂದದ್ದು ಇಷ್ಟು. ಬೀರು ತಿಪ್ಪೇರುದ್ರಮ್ಮನ ತವರಿನಿಂದ ಬಂದದ್ದು, ಅದಕ್ಕೆ ಎರಡು ಬೀಗದ ಕೈ. (ತವರಿನವರು ಕೊಟ್ಟ ಯಾವ ಬೀರುವಿಗೂ ಒಂದೇ ಕೈ ಇರುವುದಿಲ್ಲ ಎಂಬುದು ಗಂಡಸರಿಗೆ ತಿಳಿದಿರಬೇಕು.) ಕೋಟಿನ ಅಡಿ ಬೆಳ್ಳಿ ಮುಖ ಕಂಡು ಆಕೆ ಗಾಬರಿಯಾಗಿ ದ್ಯಾಮಮ್ಮನಿಗೆ ತೋರಿಸಿದ್ದರು. ಈ ಸೀಮೆಯ ಎಷ್ಟೋ ಮನೆಗಳಲ್ಲಿ ಮೊದಲ ಹೆಂಡತಿ ತೀರಿಕೊಂಡರೆ ಅವಳ ಮುಖವನ್ನು ಬೆಳ್ಳಿಯಲ್ಲಿ ಮಾಡಿಸಿಟ್ಟು, ಎರಡನೆಯವಳು ಅದಕ್ಕೆ ಪೂಜೆ, ಎಡೆ, ಸೀರೆ ಸಲ್ಲಿಸುವ ಪದ್ಧತಿ ಉಂಟು, ಇಲ್ಲದಿದ್ದರೆ ಸತ್ತ ಸವತಿ ಕಾಡುತ್ತಾಳೆ. ದ್ಯಾಮಮ್ಮ ನೋಡಿದವಳೇ, ಇದು ಸವತಿ ಮುಖವೇ ಸೈ, ಕೊರಗಿ ಕೊರಗಿ ನೀಲಿಗಟ್ಟಿದ್ದಾಳೆ ಎಂದು ತೀರ್ಪು ಕೊಟ್ಟಿದ್ದಳು.

“ಮೊದಲೇ ಒಂದು ಮಾತು ಹೇಳಬಾರ್ದಿತ್ತೇನ್ರಿ?” ತಿಪ್ಪೇರುದ್ರಮ್ಮನ ಕಣ್ಣು ತುಂಬಿತ್ತು. “ನಾನೇನು ಸತ್ತೋಳ ಮೇಲೆ ಹೊಟ್ಟೆಕಿಚ್ಚು ಪಡ್ತಿದ್ನಾ? ಈಗಾದ್ರೂ ನಿಜ ಹೇಳ್ರಿ. ನನಗಿಂತ ಮೊದ್ಲು ಈಕೆನ್ನ ಕಟ್ಟಿಕೊಂಡಿದ್ರಿ, ಹೌದೋ ಅಲ್ಲೋ?”

ಅಲ್ಲ ಎನ್ನಲು ಜಯದೇವಪ್ಪನವರು ಬಾಯಿ ತೆರೆದರು. ಅಲ್ಲ ಎಂದರೆ ಮುಂದಿನ ಪ್ರಶ್ನೆ, ಮತ್ತೆ ಇದೇನು? ಅದಕ್ಕೆ ಉತ್ತರ, ನಿನ್ನ ಸೀರೆ. ಸತ್ತ ಸವತಿಯನ್ನು ಕ್ಷಮಿಸಿ ಹೋಳಿಗೆ ಬಡಿಸಿದ ಹೆಂಗಸು ಸೀರೆಯ ದುಡ್ಡು ತಿಂದ ಗಂಡನನ್ನು ಕ್ಷಮಿಸಿದ ಉದಾಹರಣೆ ಅವರಿಗೆ ಗೊತ್ತಿರಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವರು ಕಣ್ಣೊರೆಸಿಕೊಂಡು ತಲೆ ತಗ್ಗಿಸಿದರು.

“ಹೌದು ಕಣೇ” ಎಂದರು.

ತಿಪ್ಪೇರುದ್ರಮ್ಮ ಸೆರಗಿನಿಂದ ಮೂಗೊರೆಸಿಕೊಂಡರು. ಇಷ್ಟು ವರ್ಷದಲ್ಲಿ ಎಂದೂ ಇಲ್ಲದ ಅಕ್ಕರೆಯಿಂದ ಗಂಡನ ಭುಜ ಸವರಿದರು. ಇಷ್ಟು ಸುಲಭವೆಂದು ಗೊತ್ತಿದ್ದರೆ ಇನ್ನೆರಡು ನಾಣ್ಯ ತರಿಸಬಹುದಿತ್ತಲ್ಲ ಎಂದು ಜಯದೇವಪ್ಪನವರಿಗೆ ಅನಿಸಿದ್ದು ಆಗಲೇ. ಮನುಷ್ಯನ ಬುದ್ಧಿಯೇ ಹಾಗೆ.

“ಸಂಕಲ್ಪ ಮಾಡ್ಕೋಬೇಕು. ಹೆಸರೇನ್ರಿ ಆಕೀದು?”

ಇದನ್ನು ಅವರು ಯೋಚಿಸಿರಲಿಲ್ಲ. ತಟ್ಟೆಯ ಕಡೆ ನೋಡಿದರು. ಉಜ್ಜಿ ಅಳಿಸಿಹೋದ ಆ ಕೆನ್ನೆ, ಆ ನೀಲಿ. ಬಾಯಿಗೆ ಬಂದದ್ದು ಬಂತು.

“ನೀಲಗಂಗಮ್ಮ.”

ತಿಪ್ಪೇರುದ್ರಮ್ಮನ ಕೈ ಅವರ ಭುಜದ ಮೇಲೆ ಹಾಗೇ ನಿಂತಿತು. ದ್ಯಾಮಮ್ಮ ಸೀರೆಯ ಗಂಟನ್ನು ಮಡಿಲಿಗೆ ಎಳೆದುಕೊಂಡಳು.

“ಅದೇ ಹೆಸರು” ಎಂದರು ತಿಪ್ಪೇರುದ್ರಮ್ಮ. “ಹೋದ ವಾರದಿಂದ ದಿನಾ ಕನಸಿನಾಗೆ ಬಂದು ಹೇಳ್ತಿದ್ಲು, ನಾನು ನೀಲಗಂಗಿ ಅಂತ. ಬೆಳಿಗ್ಗೆ ದ್ಯಾಮಮ್ಮಗೂ ಹೇಳಿದ್ದೆ.”

ಹೌದೆಂದು ದ್ಯಾಮಮ್ಮ ತಲೆಯಾಡಿಸಿದಳು. ಜಯದೇವಪ್ಪನವರು ಕೂತಲ್ಲೇ ಹಿಂದಕ್ಕೆ ಸರಿದರು. ಇಲ್ಲದ ಹೆಂಡತಿಗೆ ತಾವೇ ಈಗಿಂದೀಗ ಇಟ್ಟ ಹೆಸರು. ತಟ್ಟೆಯ ಹೆಂಗಸು ಪಾಪೆಯಿಲ್ಲದ ಕಣ್ಣಿನಿಂದ ಎಲ್ಲೋ ನೋಡುತ್ತಿದ್ದಳು. ಅವಳ ತುಟಿಯ ಕೊನೆ ಮೊದಲು ಹೀಗೆ ಮೇಲಕ್ಕೆ ಎದ್ದಿತ್ತೋ ಇಲ್ಲವೋ, ಅವರಿಗೆ ನೆನಪಾಗಲಿಲ್ಲ.

“ಇನ್ನೊಂದೂ ಹೇಳ್ಯಾಳ್ರಿ” ಎಂದರು ತಿಪ್ಪೇರುದ್ರಮ್ಮ. ದನಿ ತಣ್ಣಗಿತ್ತು, ಇಪ್ಪತ್ತೈದು ವರ್ಷದ ಹಳೇ ದನಿ ಅದರ ಹಿಂದೆ ಕಾದು ನಿಂತಿತ್ತು. “ಸೀರೆ ದುಡ್ಡು ಎಲ್ಲಿ ಹೋತು ಅಂತ.”

ಶೇಂಗಾ ಮಂಡಿಯಲ್ಲಿ ಒಂದು ಪೈಸೆ ಬಿಟ್ಟುಕೊಡದ ಸಾವುಕಾರ ಜಯದೇವಪ್ಪನವರು ಬೆಲೆ ಕೂಡ ಕೇಳದೆ ದ್ಯಾಮಮ್ಮನ ಗಂಟಿನ ಕಡೆ ಕೈ ಮಾಡಿ, “ಇಬ್ಬರಿಗೂ ಒಂದೊಂದು ತೆಗಿಯವ್ವ” ಎಂದರು.